ಗೋಡೆ ಪಕ್ಕದ ಮೂರಡಿ: ಮನೆ ಲೈಸೆನ್ಸಿನ ಹಿಂದಿನ ಕಥೆ

ಹೊಸ ಮನೆ ಕಟ್ಟಲು ಪಂಚಾಯ್ತಿಯವರು ಕೊಡುವ ಲೈಸೆನ್ಸನ್ನು ಜನ ಹೊರಗೆ ತೆಗೆಯುವುದು ಎರಡೇ ಸಲ. ಬ್ಯಾಂಕಿನಲ್ಲಿ ಸಾಲ ಕೇಳುವಾಗ ಒಮ್ಮೆ, ಕರೆಂಟ್ ಮೀಟರ್ ಹಾಕಿಸುವಾಗ ಇನ್ನೊಮ್ಮೆ. ಅದರಲ್ಲಿರುವ ಷರತ್ತುಗಳನ್ನು ಓದಿದವರು ಕಡಿಮೆ. ಸುತ್ತ ಜಾಗ ಬಿಡಬೇಕು, ಚರಂಡಿ ಮೇಲೆ ಕಟ್ಟಬಾರದು, ಮೆಟ್ಟಿಲು ರಸ್ತೆಗೆ ಬರಬಾರದು, ಶೌಚಾಲಯ ಇರಬೇಕು, ಕೊಟ್ಟ ನಕ್ಷೆಯಂತೆಯೇ ಕಟ್ಟಬೇಕು ಎಂದೆಲ್ಲ ಇರುತ್ತದೆ. ಎಷ್ಟು ಜಾಗ ಬಿಡಬೇಕು ಅನ್ನುವುದು ಸೈಟಿನ ಅಳತೆ ನೋಡಿಕೊಂಡು ಬದಲಾಗುತ್ತದೆ. ನಮ್ಮ ಕಡೆ ಬಾಯಲ್ಲಿ ಓಡಾಡುವ ಲೆಕ್ಕ ಮೂರಡಿ.

“ಕಾಸು ಕೀಳೋಕೆ ಮಾಡಿರೋ ರೂಲ್ಸು ಇವೆಲ್ಲ” ಎಂಬುದು ಅರಳಿಕಟ್ಟೆಯ ತೀರ್ಪು. ಕಾಸು ಕೀಳುವವರು ಇದ್ದಾರೆ, ಸುಳ್ಳಲ್ಲ. ಆದರೆ ಆ ಮೂರಡಿಯ ಹಿಂದೆ ಸಾಲುಸಾಲು ಸಾವುಗಳಿವೆ.

ಪಕ್ಕದ ಮನೆಗೆ ತೊಂದರೆ ಕೊಡದಂತೆ ಕಟ್ಟಬೇಕು ಅನ್ನುವುದು ಬ್ರಿಟಿಷರು ತಂದ ಹೊಸ ವಿಚಾರವೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮನೆ ಕಟ್ಟುವುದರ ಬಗ್ಗೆಯೇ ಒಂದು ಭಾಗವಿದೆ. ಎರಡು ಮನೆಗಳ ನಡುವೆ ಜಾಗ ಬಿಡಬೇಕು, ಕೊಳೆ ನೀರು ಪಕ್ಕದವರ ಗೋಡೆಗೆ ಹೋಗಬಾರದು, ತಪ್ಪಿದರೆ ದಂಡ. ನೆರೆಹೊರೆಯವರು ಮಾತಾಡಿಕೊಂಡು ಬೇರೆ ರೀತಿ ಮಾಡಿಕೊಳ್ಳಲೂ ಅದರಲ್ಲಿ ಅವಕಾಶವಿತ್ತು. ನಮ್ಮ ಹಳ್ಳಿಗಳು ನಡೆದದ್ದು ಹೆಚ್ಚಾಗಿ ಈ ಮಾತಾಡಿಕೊಳ್ಳುವ ದಾರಿಯಲ್ಲೇ. ಸೂರಿನ ನೀರು ಯಾರ ಕಡೆ ಬೀಳಬೇಕು, ನಡುಗೋಡೆಗೆ ಯಾರು ತೊಲೆ ಇಡಬಹುದು, ಬಚ್ಚಲ ನೀರು ಯಾವ ಕಡೆ ಹರಿಯಬೇಕು ಎಂಬುದನ್ನೆಲ್ಲ ಹಿರಿಯರು ಕೂತು ತೀರ್ಮಾನಿಸುತ್ತಿದ್ದರು. ಯಾವ ಕೇರಿಯಲ್ಲಿ ಯಾರು ಮನೆ ಕಟ್ಟಬೇಕು ಅನ್ನುವ ಷರತ್ತೂ ಇತ್ತು. ಅದನ್ನು ಎಲ್ಲೂ ಬರೆದಿರಲಿಲ್ಲ, ಮೀರುವ ಧೈರ್ಯವೂ ಯಾರಿಗೂ ಇರಲಿಲ್ಲ.

ಸರ್ಕಾರ ಮನೆಯೊಳಗೆ ಬಂದು ಕಿಟಕಿ ಎಲ್ಲಿದೆ ಎಂದು ಕೇಳಲು ಶುರುಮಾಡಿದ್ದು ಪ್ಲೇಗಿನಿಂದ.

1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ರೈಲು ಹಿಡಿದು ದಕ್ಷಿಣಕ್ಕೆ ಇಳಿಯಿತು. 1898ರ ಆಗಸ್ಟ್ ಹೊತ್ತಿಗೆ ಬೆಂಗಳೂರಿನಲ್ಲಿತ್ತು. 1897ರಲ್ಲಿ ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದರು. ಕೊರೊನಾ ಕಾಲದಲ್ಲಿ ನೀವು ಕೇಳಿದ್ದು ಇದೇ ಕಾಯ್ದೆಯ ಹೆಸರು. ಅದರ ಬಲದಿಂದ ಅಧಿಕಾರಿಗಳು ಮನೆಗೆ ನುಗ್ಗಿದರು. ಸಾಮಾನು ಹೊರಗೆ ಹಾಕಿದರು, ಗೋಡೆಗೆ ಸುಣ್ಣ ಬಳಿದರು, ಹೆಂಚು ತೆಗೆಸಿ ಒಳಗೆ ಬಿಸಿಲು ಬಿಟ್ಟರು, ಕಾಯಿಲೆಯವರನ್ನು ಎಳೆದೊಯ್ದರು. ಜನಕ್ಕೆ ಪ್ಲೇಗಿಗಿಂತ ಪ್ಲೇಗಿನ ಅಧಿಕಾರಿಯೇ ಹೆಚ್ಚು ಭಯವಾದ. ಪುಣೆಯಲ್ಲಿ 1897ರ ಜೂನ್ 22ರಂದು ಚಾಪೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿಸಿದ್ದು ಈ ಸಿಟ್ಟಿನಲ್ಲೇ. ನಮ್ಮ ಶ್ರೀರಂಗಪಟ್ಟಣದ ಗಂಜಾಂನಲ್ಲೂ 1898ರಲ್ಲಿ ಇದೇ ಕಾರಣಕ್ಕೆ ಗಲಭೆ ಆಯಿತು.

ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಹರಡುತ್ತದೆ ಎಂದು ಫ್ರಾನ್ಸಿನ ವೈದ್ಯ ಸಿಮೋಂಡ್ ಹೇಳಿದ್ದೂ 1898ರಲ್ಲೇ. ಆದರೆ ಅದನ್ನು ಎಲ್ಲರೂ ಒಪ್ಪಲು ವರ್ಷಗಳೇ ಬೇಕಾದವು. ಅಲ್ಲಿಯವರೆಗೆ ಬಹಳ ಜನ ನಂಬಿದ್ದು ಕೆಟ್ಟ ಗಾಳಿ, ಕತ್ತಲು, ಕೊಳಕನ್ನು. ಗಾಳಿ ಆಡಲಿ, ಬೆಳಕು ಬರಲಿ, ಮನೆಗೂ ಮನೆಗೂ ನಡುವೆ ಜಾಗ ಇರಲಿ ಎಂದರು. ಕಾರಣ ಪೂರ್ತಿ ಸರಿಯಿರಲಿಲ್ಲ, ಮದ್ದು ಕೆಲಸ ಮಾಡಿತು. ಇಕ್ಕಟ್ಟು ಕಡಿಮೆಯಾದರೆ ಇಲಿಗೂ ಕಷ್ಟ, ಕ್ಷಯರೋಗಕ್ಕೂ ಕಷ್ಟ.

ಬೆಂಗಳೂರಿನಲ್ಲಿ 1892ರಲ್ಲೇ ಚಾಮರಾಜಪೇಟೆ ಬಡಾವಣೆ ಆಗಿತ್ತು. ಮಲ್ಲೇಶ್ವರ, ಬಸವನಗುಡಿಯ ಯೋಚನೆಯೂ ನಡೆದಿತ್ತು. ಪ್ಲೇಗು ಆ ಕೆಲಸವನ್ನು ಓಡಿಸಿತು. ನೆಟ್ಟಗಿನ ಮೇನು, ಅಡ್ಡಕ್ಕೆ ಕ್ರಾಸು, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಆ ಗಲ್ಲಿ ಇದ್ದದ್ದು ಕಕ್ಕಸು ಬಳಿಯುವವರು ಮುಂಬಾಗಿಲಿಗೆ ಬಾರದೆ ಹಿಂದಿನಿಂದಲೇ ಬಂದು ಹೋಗಲಿ ಎಂದು. ಊರಿನ ಆರೋಗ್ಯ ಕೆಲವರ ತಲೆಯ ಮೇಲಿನ ಬುಟ್ಟಿಯಲ್ಲಿತ್ತು ಅನ್ನುವುದು ಆ ನಕ್ಷೆಯಲ್ಲೇ ಕಾಣುತ್ತದೆ. ತಲೆ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಲು 1970ರ ದಶಕ ಬರಬೇಕಾಯಿತು, ಬಿ. ಬಸವಲಿಂಗಪ್ಪ ಮಂತ್ರಿಯಾಗಬೇಕಾಯಿತು.

ದಂಡು ಪ್ರದೇಶದಲ್ಲಿ ಎಂಜಿನಿಯರ್ ಜೆ.ಎಚ್. ಸ್ಟೀಫನ್ಸ್ ಇಲಿಗೆ ಬಿಲ ತೋಡಲಾಗದ ಮನೆ ಕಟ್ಟುವುದು ಹೇಗೆ ಎಂದು ತಲೆ ಕೆಡಿಸಿಕೊಂಡರು. ಫ್ರೇಜರ್ ಟೌನ್ ಬೆಳೆದದ್ದು ಹೀಗೆ. ಪ್ಲೇಗು ತಡೆಯುವ ಊರು ಕಟ್ಟುವುದರ ಬಗ್ಗೆ ಅವರು 1914ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿಗೆಂದೇ ಟ್ರಸ್ಟ್ ಬೋರ್ಡ್ ಮಾಡಿದರು. ದೇಶದಲ್ಲಿ ಇಂಥವು ಆಗ ಬೆರಳೆಣಿಕೆಯಷ್ಟು.

ಇಲ್ಲಿ ಒಂದು ವಿಷಯ ಗಮನಿಸಿ. ಪೇಟೆಯಲ್ಲಿ ಮೊದಲು ಹೊಲ ತೆಗೆದುಕೊಂಡು ಸೈಟು ಮಾಡಿದರು, ಹಂಚಿದರು. ಇಷ್ಟು ಜಾಗ ಬಿಟ್ಟು ಕಟ್ಟಿ ಎಂದದ್ದು ಆಮೇಲೆ. ಜಾಗ ಇತ್ತು, ಜನ ಬಿಟ್ಟರು.

ಹಳ್ಳಿಗೂ ಪ್ಲೇಗು ಬಂತು. ಅಜ್ಜ ಅಜ್ಜಿಯರು ಅದನ್ನು “ಊರು ಬಿಟ್ಟ ಕಾಲ” ಅನ್ನುತ್ತಿದ್ದರು. ಸೂರಿನಿಂದ ಇಲಿ ಸತ್ತು ಬಿದ್ದರೆ ಊರಿಗೆ ಊರೇ ಹೊಲಕ್ಕೆ ಹೋಗಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಈಗಿನ ಭಾಷೆಯಲ್ಲಿ ಹೇಳಿದರೆ ಅದಕ್ಕಿಂತ ಒಳ್ಳೆಯ ಕ್ವಾರಂಟೈನ್ ಇಲ್ಲ. ಕಾಯಿಲೆ ಇಳಿದ ಮೇಲೆ ಪ್ಲೇಗಮ್ಮನಿಗೆ ಪೂಜೆ ಮಾಡಿ ವಾಪಸ್ ಬಂದು, ಅದೇ ಓಣಿಯ ಅದೇ ಮನೆಗೆ ಸುಣ್ಣ ಬಳಿದು ಒಳಗೆ ಹೋದರು. ಓಣಿ ಅಗಲ ಮಾಡಿ, ಊರು ಹಿಗ್ಗಿಸಿ ಎಂದು ಯಾವ ಟ್ರಸ್ಟ್ ಬೋರ್ಡೂ ಅಲ್ಲಿಗೆ ಬರಲಿಲ್ಲ.

ಸರ್ಕಾರಕ್ಕೆ ಹಳ್ಳಿಯಲ್ಲಿ ಬೇಕಾಗಿದ್ದದ್ದು ಕಂದಾಯ. ಮೈಸೂರು ಸೀಮೆಯಲ್ಲಿ 1860ರ ದಶಕದಲ್ಲಿ, ಧಾರವಾಡದ ಕಡೆ ಅದಕ್ಕೂ ಮುಂಚೆ ಸರ್ವೆ ಶುರುವಾಯಿತು. ಹೊಲ ಹೊಲಕ್ಕೆ ಕಲ್ಲು ನೆಟ್ಟು ಗುಂಟೆ ಲೆಕ್ಕದಲ್ಲಿ ಅಳೆದರು. ಜನ ವಾಸ ಮಾಡುವ ಜಾಗಕ್ಕೆ ಮಾತ್ರ ಸುತ್ತ ಒಂದು ಗೆರೆ ಎಳೆದು ‘ಗ್ರಾಮಠಾಣ’ ಎಂದು ಬರೆದು ಮುಂದೆ ಹೋದರು. ಒಳಗಿನ ಮನೆ, ಹಿತ್ತಲು, ಓಣಿ ಯಾವುದಕ್ಕೂ ಬೇರೆ ಬೇರೆ ಅಳತೆ ಇಲ್ಲ. ಬೆಳೆ ಬರುವ ಜಾಗಕ್ಕೆ ನಕ್ಷೆ ಸಿಕ್ಕಿತು, ಮನುಷ್ಯ ಮಲಗುವ ಜಾಗಕ್ಕೆ ಸಿಗಲಿಲ್ಲ.

ಆ ಗೆರೆ ಹಾಗೇ ಉಳಿಯಿತು. ಮಕ್ಕಳು, ಮೊಮ್ಮಕ್ಕಳು, ಪಾಲು. ಒಂದು ತೊಟ್ಟಿಮನೆ ನಾಲ್ಕಾಯಿತು, ಹಿತ್ತಲಿನಲ್ಲಿ ಎರಡೆದ್ದವು. ಗೆರೆಯ ಹೊರಗೆ ಸ್ವಂತ ಹೊಲದಲ್ಲಿ ಕಟ್ಟೋಣವೆಂದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಅಡ್ಡ ಬಂತು. ಬೇಸಾಯಕ್ಕೆ ಬೇಕಾದ ಕಟ್ಟಡ ಬೇರೆ ಮಾತು. ವಾಸದ ಬಡಾವಣೆಗೆ ಅಂದರೆ ಜಿಲ್ಲಾಧಿಕಾರಿಯ ಅನುಮತಿ ಬೇಕು. ಹುಬ್ಬಳ್ಳಿ ಕಡೆ ಇದಕ್ಕೆ ಎನ್‌ಎ ಅನ್ನುತ್ತಾರೆ, ನಮ್ಮ ಕಡೆ ಕನ್ವರ್ಷನ್. ಎರಡಕ್ಕೂ ಓಡಾಟ ಒಂದೇ.

ಅಷ್ಟರಲ್ಲಿ ಪೇಟೆಯ ಷರತ್ತುಗಳು ಹಳ್ಳಿಗೂ ಬಂದವು. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ ಪ್ರಕಾರ, ಗ್ರಾಮ ಪಂಚಾಯ್ತಿಯ ಲಿಖಿತ ಅನುಮತಿ ಇಲ್ಲದೆ ಮನೆ ಕಟ್ಟುವಂತಿಲ್ಲ. ಎಂಜಿನಿಯರುಗಳು ನೋಡುವ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ವಾಸದ ಕೋಣೆ 9.5 ಚದರ ಮೀಟರ್, ಎತ್ತರ 2.75 ಮೀಟರ್ ಇರಬೇಕು ಎಂದಿದೆ. ಹತ್ತಡಿಗೆ ಹತ್ತಡಿ ಕೋಣೆ, ಒಂಬತ್ತಡಿ ಎತ್ತರ ಎಂದುಕೊಳ್ಳಿ. ಕಿಟಕಿ ಎಷ್ಟು ದೊಡ್ಡದಿರಬೇಕು ಅನ್ನುವುದಕ್ಕೂ ಲೆಕ್ಕವಿದೆ. ಒಣ ಸೆಕೆಯ ಕಡೆ ನೆಲದ ಹತ್ತನೇ ಒಂದು ಭಾಗ, ಮಳೆ ಸೆಕೆಯ ಕಡೆ ಆರನೇ ಒಂದು ಭಾಗ. ಎಲ್ಲ ಸರಿಯಾದ ಲೆಕ್ಕವೇ. ಆದರೆ ಹದಿನೈದಡಿ ಅಗಲದ ಪಾಲಿನ ಜಾಗದಲ್ಲಿ ಎರಡೂ ಕಡೆ ಮೂರಡಿ ಬಿಟ್ಟರೆ ಉಳಿಯುವುದು ಒಂಬತ್ತಡಿ. ಎರಡು ಗೋಡೆ ಎದ್ದ ಮೇಲೆ ಮಂಚ ಹಾಕಿದರೆ ಓಡಾಡಲು ಜಾಗವಿಲ್ಲ. ಹಾಗಾಗಿ ನಕ್ಷೆಯಲ್ಲಿ ಜಾಗ ಬಿಡುತ್ತಾರೆ, ನೆಲದ ಮೇಲೆ ಬಿಡುವುದಿಲ್ಲ. ಇದು ಕೊಡುವವರಿಗೂ ಗೊತ್ತು, ತೆಗೆದುಕೊಳ್ಳುವವರಿಗೂ ಗೊತ್ತು. ಕಾಸು ಕೀಳುವವನ ವ್ಯಾಪಾರ ನಡೆಯುವುದು ಈ ಎರಡರ ನಡುವೆ.

ಹಳ್ಳಿಯಲ್ಲೂ ಮೊದಲು ಜಾಗ ಕೊಟ್ಟು ಆಮೇಲೆ ಕಟ್ಟಿಸಿದ ಉದಾಹರಣೆ ಇಲ್ಲದಿಲ್ಲ. ದೇವರಾಜ ಅರಸು ಕಾಲದಲ್ಲಿ ಬಡವರಿಗೆ ಹಂಚಿದ ಉಚಿತ ನಿವೇಶನಗಳು, ಆಮೇಲಿನ ಜನತಾ ಮನೆ, ಆಶ್ರಯ ಮನೆ. ಮನೆ ಸಣ್ಣದು, ಸೋರುತ್ತಿತ್ತು, ನಿಜ. ಆದರೆ ನಿಮ್ಮೂರನ್ನೇ ನೋಡಿ. ಊರೊಳಗಿನ ಓಣಿಗೆ ಆಂಬುಲೆನ್ಸ್ ಬರದಿದ್ದರೂ ಜನತಾ ಕಾಲೋನಿಯ ಬಾಗಿಲಿಗೆ ಬರುತ್ತದೆ. ಊರಾಚೆ ಇಟ್ಟವರ ಬೀದಿ ನೆಟ್ಟಗಿದೆ. ಗೌಡರ ಓಣಿಯಲ್ಲಿ ಹೆಣ ಹೊರಗೆ ತರಲು ಚಟ್ಟ ಓರೆ ಮಾಡಬೇಕು.

ಈಗ ಕಾಗದ ಕಂಪ್ಯೂಟರಿಗೆ ಹೋಗಿದೆ. ಇ-ಸ್ವತ್ತಿನ ಫಾರಂ 9, 11ಎ ಇದ್ದವರಿಗೆ ಲೈಸೆನ್ಸ್, ಸಾಲ ಸಲೀಸು. 11ಬಿ ಇದ್ದವರ ಮುಖ ನೋಡಿದರೆ ಬ್ಯಾಂಕಿನವರಿಗೆ ಅನುಮಾನ. 2020ರ ಏಪ್ರಿಲ್ 24ರಂದು ಕೇಂದ್ರ ಸರ್ಕಾರ ಸ್ವಾಮಿತ್ವ ಯೋಜನೆ ಶುರುಮಾಡಿತು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ನೂರೈವತ್ತು ವರ್ಷದ ಹಿಂದೆ ಸರ್ವೆಯವರು ಬಿಟ್ಟುಹೋದ ಗ್ರಾಮಠಾಣದ ಒಳಭಾಗವನ್ನು ಈಗ ಡ್ರೋನ್ ಅಳೆಯುತ್ತಿದೆ. ಡ್ರೋನ್ ಹಾರುವ ಮುಂಚೆ ಪ್ರತಿ ಮನೆಯವರೂ ತಮ್ಮ ಗಡಿಗೆ ಸುಣ್ಣದ ಗೆರೆ ಹಾಕಬೇಕು. ನಡುಗೋಡೆ ಇರುವ ಕಡೆ ಆ ಗೆರೆ ಹಾಕುವುದಕ್ಕೇ ಜಗಳ. ಸೂರಿನ ನೀರು ಬೀಳುವ ಒಂದಡಿ ಜಾಗ ಯಾರದು, ಅಜ್ಜನ ಕಾಲದಲ್ಲಿ ತೊಲೆ ಇಟ್ಟ ಗೋಡೆ ಯಾರದು ಎಂದು ಕೇಳಿದರೆ, ತೀರ್ಮಾನ ಮಾಡಿದ ಹಿರಿಯರು ಈಗ ಯಾರೂ ಇಲ್ಲ. ಸುಣ್ಣದ ಪುಡಿ ಹಿಡಿದು ನಿಂತ ಪಂಚಾಯ್ತಿ ಸಿಬ್ಬಂದಿ ಇಬ್ಬರ ಮುಖವನ್ನೂ ನೋಡುತ್ತಾ, ಕೊನೆಗೆ ಗೋಡೆಯ ಮೇಲೇ ಗೆರೆ ಎಳೆಯುತ್ತಾರೆ.