ಕಾಗದದೊಳಗಿನ ಬೆಳಕು: ‘ಅಕಾರಿ’ ದೀಪದ ವೃತ್ತಾಂತ

ನಗರಗಳಲ್ಲಿ ನೆಲೆಸಿರುವ ಮಠದ ಹಳೆಯ ವಿದ್ಯಾರ್ಥಿಗಳ ಬಿನ್ನಹವನ್ನು ಮನ್ನಿಸಿ ಅವರ ಮನೆಗಳಿಗೆ ಹೋದಾಗ, ಹಜಾರದ ಸೂರಿನಿಂದ ಇಳಿಬಿದ್ದ ಗುಂಡನೆಯ ಬಿಳಿಯ ಕಾಗದದ ವಿದ್ಯುದ್ದೀಪವನ್ನು ನಾವು ಹಲವು ಸಲ ಕಂಡಿದ್ದೇವೆ. ವಾಚಕರಲ್ಲಿಯೂ ಅನೇಕರು ಕಂಡಿರಬಹುದು. ಹಿಂದೊಮ್ಮೆ ಅಂತಹ ಮನೆಯೊಂದರಲ್ಲಿ ಬಾಲಕನೊಬ್ಬನು, ‘ಬುದ್ಧೀ, ದೀಪಾವಳಿ ಮುಗಿದು ಎಷ್ಟು ದಿನವಾದರೂ ಅಪ್ಪ ಆಕಾಶಬುಟ್ಟಿಯನ್ನು ಇಳಿಸಿಲ್ಲ’ ಎಂದು ನಮ್ಮೊಡನೆ ದೂರಿಕೊಂಡನು. ಎಲ್ಲರೂ ನಕ್ಕರು. ಆದರೆ ಹುಡುಗನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಏಕೆಂದರೆ ಆ ದೀಪದ ಮೂಲವನ್ನು ಹುಡುಕುತ್ತ ಹೊರಟರೆ ನಾವು ತಲುಪುವುದು, ನಮ್ಮ ಆಕಾಶಬುಟ್ಟಿಯಂತೆಯೇ ಬಿದಿರು ಕಾಗದಗಳಿಂದ ಮಾಡಿದ ಜಪಾನ್ ದೇಶದ ಕಂದೀಲಿಗೆ. ಅದನ್ನು ಹಬ್ಬದಿಂದ ಬಿಡಿಸಿ ನಿತ್ಯದ ಮನೆಯೊಳಕ್ಕೆ ತಂದವರು ಒಬ್ಬ ಶಿಲ್ಪಿ.

ಅವರ ಹೆಸರು ಇಸಾಮು ನೊಗುಚಿ. 1904ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಜನಿಸಿದರು. ತಾಯಿ ಅಮೆರಿಕದವರು, ತಂದೆ ಜಪಾನಿನ ಕವಿ ಯೋನೆ ನೊಗುಚಿ. ಜಪಾನು ಚೀನದ ಮೇಲೆ ದಂಡೆತ್ತಿ ಹೋದುದನ್ನು ಕುರಿತು 1938ರಲ್ಲಿ ರವೀಂದ್ರನಾಥ ಠಾಕೂರರೊಡನೆ ಪತ್ರಮುಖೇನ ವಾದಕ್ಕಿಳಿದ ಕವಿ ಇವರೇ ಎಂಬುದು ಕೆಲವರಿಗೆ ನೆನಪಿರಬಹುದು. ಮಗನು ಬಾಲ್ಯವನ್ನು ಜಪಾನಿನಲ್ಲಿಯೂ ಯೌವನವನ್ನು ಅಮೆರಿಕದಲ್ಲಿಯೂ ಕಳೆದು, 1927ರಲ್ಲಿ ಪ್ಯಾರಿಸ್ಸಿನ ಮಹಾಶಿಲ್ಪಿ ಬ್ರಾಂಕುಸಿಯವರ ಕೈಕೆಳಗೆ ಕಲ್ಲು ಕಡೆದರು. ಅಮೆರಿಕಕ್ಕೂ ಜಪಾನಿಗೂ ಯುದ್ಧ ಹೊತ್ತಿಕೊಂಡಾಗ ಅಮೆರಿಕ ಸರ್ಕಾರವು ತನ್ನ ಜಪಾನೀ ಮೂಲದ ಪ್ರಜೆಗಳನ್ನು ಬಂಧನ ಶಿಬಿರಗಳಿಗೆ ಅಟ್ಟಿತಷ್ಟೆ. ನೊಗುಚಿಯವರು ನ್ಯೂಯಾರ್ಕ್ ನಿವಾಸಿಗಳಾದುದರಿಂದ ಅವರಿಗೆ ಆ ಬಾಧೆ ತಟ್ಟುತ್ತಿರಲಿಲ್ಲ. ಆದರೂ 1942ರಲ್ಲಿ ತಾವಾಗಿಯೇ ಅರಿಜೋನಾದ ಮರುಭೂಮಿಯ ಶಿಬಿರವನ್ನು ಹೊಕ್ಕರು. ಕೆಲವು ತಿಂಗಳುಗಳ ತರುವಾಯ ಹೊರಬಂದ ಮೇಲೆ ಅವರು ಮಾಡಿದ ಕೃತಿಗಳಲ್ಲಿ ಒಳಗೆ ವಿದ್ಯುದ್ದೀಪವನ್ನಿರಿಸಿ ತಾನೇ ಬೆಳಗುವಂತೆ ರಚಿಸಿದ ಶಿಲ್ಪಗಳು ಸೇರಿವೆ. ಶಿಲ್ಪದ ಮೇಲೆ ಬೆಳಕು ಬೀಳುವುದರ ಬದಲು ಶಿಲ್ಪದಿಂದಲೇ ಬೆಳಕು ಹೊರಡಬೇಕೆಂಬ ಯೋಚನೆಯು ಹೀಗೆ ಕಾಗದದ ಕಂದೀಲಿಗಿಂತ ಹಲವು ವರ್ಷ ಮೊದಲೇ ಅವರಲ್ಲಿ ಬೇರೂರಿತ್ತು.

1949ರಲ್ಲಿ ಅವರು ದೀರ್ಘ ಪ್ರವಾಸ ಕೈಗೊಂಡರು. ಭಾರತಕ್ಕೂ ಬಂದು ದೇವಾಲಯಗಳನ್ನು, ಜೈಪುರದ ಜಂತರ್ ಮಂತರ್ ವೀಕ್ಷಣಾಲಯವನ್ನು ಕಂಡರು. 1950ರಲ್ಲಿ, ಸುಮಾರು ಎರಡು ದಶಕಗಳ ಬಳಿಕ, ಪುನಃ ಜಪಾನಿನ ನೆಲವನ್ನು ಮೆಟ್ಟಿದರು. ಮರುವರ್ಷ ಹಿರೋಶಿಮಾದ ಎರಡು ಸೇತುವೆಗಳಿಗೆ ಕಟಾಂಜನ ರೂಪಿಸುವ ಕಾರ್ಯ ಅವರ ಪಾಲಿಗೆ ಬಂದಿತು. ಅಲ್ಲಿಗೆ ಹೋಗುವ ದಾರಿಯಲ್ಲಿ ಗಿಫು ಎಂಬ ಪಟ್ಟಣದಲ್ಲಿ ಇಳಿದರು. ಆ ಊರಿನ ನಾಗರಾ ನದಿಯಲ್ಲಿ ರಾತ್ರಿಯ ಹೊತ್ತು ದೋಣಿಯ ಮೂತಿಗೆ ಬೆಂಕಿಯ ಬುಟ್ಟಿಯನ್ನು ತೂಗಿಬಿಟ್ಟು, ಪಳಗಿಸಿದ ನೀರುಕಾಗೆಗಳಿಂದ ಮೀನು ಹಿಡಿಸುವ ಪುರಾತನ ಪದ್ಧತಿಯುಂಟು. ಅದನ್ನು ನೋಡಲು ಬಂದವರ ದೋಣಿಗಳಲ್ಲಿ ಕಾಗದದ ಕಂದೀಲುಗಳು ತೂಗುತ್ತಿರುತ್ತವೆ.

ಗಿಫು ಪಟ್ಟಣವು 1945ರ ಜುಲೈ ತಿಂಗಳಿನಲ್ಲಿ ವಿಮಾನ ದಾಳಿಗೆ ಸಿಕ್ಕಿ ಸುಟ್ಟುಹೋಗಿತ್ತು. ಅದರ ಹೆಸರುವಾಸಿಯಾದ ಕಂದೀಲಿನ ಕಸುಬು ಸೊರಗುತ್ತಿತ್ತು. ಪಿತೃಗಳನ್ನು ಬರಮಾಡಿಕೊಳ್ಳುವ ಹಬ್ಬಕ್ಕೆ ಹೂಬಳ್ಳಿಗಳ ಚಿತ್ರ ಬರೆದ ಮೊಟ್ಟೆಯಾಕಾರದ ಕಂದೀಲುಗಳೇ ಅಲ್ಲಿಯ ಕುಶಲಕರ್ಮಿಗಳ ಜೀವನಾಧಾರ. ವರ್ಷಕ್ಕೊಮ್ಮೆ ಬರುವ ಹಬ್ಬದಿಂದ ವರ್ಷವೆಲ್ಲ ಹೊಟ್ಟೆ ತುಂಬೀತೆ? ಹೊರದೇಶಗಳಿಗೆ ಕಳುಹಿಸಬಹುದಾದ ಹೊಸ ಮಾದರಿಯನ್ನು ರೂಪಿಸಿಕೊಡಬೇಕೆಂದು ಪಟ್ಟಣದ ಪೌರಾಧ್ಯಕ್ಷರು ನೊಗುಚಿಯವರನ್ನು ಕೇಳಿಕೊಂಡರು. ಅವರು ಒಜೆಕಿ ಎಂಬ ಮನೆತನದ ಕಾರ್ಯಾಗಾರವನ್ನು ನೋಡಿ, ಗಿಫುವಿನಲ್ಲಿದ್ದಾಗಲೇ ಮೊದಲ ಮಾದರಿಗಳನ್ನು ಕಲ್ಪಿಸಿದರು.

ಇಲ್ಲಿ ವಾಚಕರು ತುಸು ನಿಂತು ಆ ಕಂದೀಲನ್ನು ಮಾಡುವ ಬಗೆಯನ್ನು ತಿಳಿಯಬೇಕು. ನಾವು ವಿದ್ಯಾರ್ಥಿನಿಲಯದಲ್ಲಿದ್ದಾಗ ದಬ್ಬೆಗಳನ್ನು ದಾರದಿಂದ ಬಿಗಿದು, ಬಣ್ಣದ ಕಾಗದ ಅಂಟಿಸಿ ಆಕಾಶಬುಟ್ಟಿ ಮಾಡುತ್ತಿದ್ದೆವು. ಅದರಲ್ಲಿ ಕಟ್ಟು ಒಳಗೇ ಉಳಿಯುತ್ತದೆ. ಆದುದರಿಂದ ಅದನ್ನು ಮಡಿಸಲಾಗದು. ಅಟ್ಟಕ್ಕೆ ಸೇರಿದ ಬುಟ್ಟಿಯು ಮುಂದಿನ ದೀಪಾವಳಿಗೆ ಇಲಿಗಳ ಪಾಲಾಗಿರುವುದೇ ಹೆಚ್ಚು. ಗಿಫುವಿನ ಪದ್ಧತಿ ಇದಕ್ಕೆ ತದ್ವಿರುದ್ಧ. ಮೊದಲು ತೆಳುವಾದ ಬಾಗಿದ ಹಲಗೆಗಳನ್ನು ಚಕ್ರದ ಅರಗಳಂತೆ ಜೋಡಿಸಿ ಮರದ ಅಚ್ಚೊಂದನ್ನು ನಿಲ್ಲಿಸುತ್ತಾರೆ. ಹಲಗೆಗಳ ಹೊರಅಂಚಿನಲ್ಲಿ ಸಣ್ಣ ಸಣ್ಣ ಕಚ್ಚುಗಳಿರುತ್ತವೆ. ಆ ಕಚ್ಚುಗಳಲ್ಲಿ ನೂಲಿನಷ್ಟು ಸಪೂರವಾದ ಬಿದಿರಿನ ಸೀಳನ್ನು ಮೇಲಿನಿಂದ ಕೆಳಗಿನವರೆಗೆ ಸುರುಳಿಯಾಗಿ ಸುತ್ತುತ್ತಾರೆ. ಅದರ ಮೇಲೆ ಅಂಟು ಬಳಿದು, ಅಳತೆಗೆ ಕತ್ತರಿಸಿದ ಕಾಗದದ ಪಟ್ಟಿಗಳನ್ನು ಒಂದರ ಪಕ್ಕದಲ್ಲೊಂದು ಹಚ್ಚುತ್ತಾರೆ. ಕಾಗದವೂ ಸಾಮಾನ್ಯವಾದುದಲ್ಲ, ನಮ್ಮ ರೇಷ್ಮೆಹುಳುಗಳ ಆಹಾರವಾದ ಹಿಪ್ಪುನೇರಳೆಯ ಬಳಗಕ್ಕೆ ಸೇರಿದ ಗಿಡವೊಂದರ ಒಳತೊಗಟೆಯ ನಾರಿನಿಂದ ಕೈಯಲ್ಲಿ ತೆಗೆದ ಹಾಳೆ ಅದು. ಒಣಗಿದ ಮೇಲೆ ಒಳಗಿನ ಹಲಗೆಗಳನ್ನು ಒಂದೊಂದಾಗಿ ಬಾಯಿಯಿಂದ ಹೊರತೆಗೆದುಬಿಡುತ್ತಾರೆ. ಉಳಿಯುವುದು ಕಾಗದ, ಬಿದಿರು, ನಡುವಿನ ಬಯಲು. ಒತ್ತಿದರೆ ಬಿಲ್ಲೆಯಂತೆ ಚಪ್ಪಟೆಯಾಗುವುದು, ಎತ್ತಿದರೆ ಅರಳುವುದು.

ನೊಗುಚಿಯವರು ಈ ಕ್ರಮದಲ್ಲಿ ಒಂದು ಹೆಜ್ಜೆಯನ್ನೂ ಬದಲಿಸಲಿಲ್ಲ. ಹೊಸತನವೆಂದರೆ ಹಳೆಯದನ್ನು ಕೆಡವುವುದೆಂದೇ ತಿಳಿದ ಕಾಲದಲ್ಲಿ ಇದು ದೊಡ್ಡ ವಿವೇಕವೆಂದು ನಮಗೆ ತೋರುತ್ತದೆ. ಅವರು ಮಾಡಿದುದು ಬಹುಮಟ್ಟಿಗೆ ತೆಗೆದುಹಾಕುವ ಕೆಲಸ. ಮೇಣದ ಬತ್ತಿಯನ್ನು ತೆಗೆದು ವಿದ್ಯುತ್ ಬಲ್ಬನ್ನಿರಿಸಿದರು. ಹೂವಿನ ಚಿತ್ರಗಳನ್ನು ಬಿಟ್ಟು ಕಾಗದದ ಬಿಳುಪನ್ನೇ ಉಳಿಸಿಕೊಂಡರು. ಮೇಲೂ ಕೆಳಗೂ ಇರುತ್ತಿದ್ದ ಮರದ ಭಾರವಾದ ಬಳೆಗಳ ಬದಲು ಕಾಗದವನ್ನು ಒಳಗಿನಿಂದ ಎಳೆದು ನಿಲ್ಲಿಸುವ ಲೋಹದ ತಂತಿಯ ಹಗುರ ಕಟ್ಟನ್ನು ಯೋಜಿಸಿದರು. ಅವರು ಹೊಸದಾಗಿ ಸೇರಿಸಿದುದು ಆಕಾರ ಒಂದೇ. ಗೋಳ, ಕಂಬ, ಪೆಟ್ಟಿಗೆ, ಹೆಸರಿಡಲಾಗದ ಉಬ್ಬುತಗ್ಗುಗಳು. ಪ್ರತಿಯೊಂದು ಹೊಸ ಆಕಾರಕ್ಕೂ ಹೊಸ ಮರದಚ್ಚು ಬೇಕು. ಆದುದರಿಂದ ಶಿಲ್ಪಿಯ ಉಳಿ ನಿಜವಾಗಿ ಆಡಿದುದು ಆ ಅಚ್ಚಿನ ಹಲಗೆಗಳ ಅಂಚಿನಲ್ಲಿ ಎನ್ನಬಹುದು. ಅದಕ್ಕಿಟ್ಟ ಹೆಸರು ‘ಅಕಾರಿ’. ಜಪಾನೀ ಭಾಷೆಯಲ್ಲಿ ಬೆಳಕು ಎಂದರ್ಥ. ಬರೆಯುವ ಅಕ್ಷರದಲ್ಲಿ ಸೂರ್ಯಚಂದ್ರರಿಬ್ಬರೂ ಅಡಗಿದ್ದಾರೆ. ಸೂರ್ಯಚಂದ್ರರ ಚಿಹ್ನೆಯನ್ನೇ ಪ್ರತಿ ದೀಪದ ಮೇಲೆ ಮುದ್ರಿಸಲಾಯಿತು.

ಇದೇ ಹೊತ್ತಿಗೆ ಹಿರೋಶಿಮಾದಲ್ಲಿ ಅಣುಬಾಂಬಿಗೆ ಮಡಿದವರ ಸ್ಮಾರಕಕ್ಕಾಗಿ ಅವರು ಮತ್ತೊಂದು ಶಿಲ್ಪವನ್ನು ಯೋಜಿಸಿದ್ದರು. ಸೇತುವೆಗಳ ಕಟಾಂಜನವು ಕಟ್ಟಲ್ಪಟ್ಟಿತು. ಸ್ಮಾರಕದ ಯೋಜನೆಯನ್ನು ಮಾತ್ರ 1952ರಲ್ಲಿ ತಿರಸ್ಕರಿಸಿದರು. ಯೋಜಿಸಿದವರು ಅಮೆರಿಕದವರೆಂಬುದು ಅದರ ಹಿಂದಿನ ಕಾರಣ. ಅಮೆರಿಕದಲ್ಲಿ ಜಪಾನಿನವರಾಗಿ, ಜಪಾನಿನಲ್ಲಿ ಅಮೆರಿಕದವರಾಗಿ ನಿಂತ ಆ ಮನುಷ್ಯನ ಕಲ್ಪನೆಯನ್ನು ಎರಡು ಮಾತಿಲ್ಲದೆ ಕೈಗೆತ್ತಿಕೊಂಡವರು ಗಿಫುವಿನ ಕಂದೀಲಿನ ಕಸುಬುದಾರರು.

ತಯಾರಿಕೆಗೆ ಮಡಿಸುವ ಗುಣವೇ ನೆರವಾಯಿತು. ಆಳೆತ್ತರದ ದೀಪವೂ ಚಪ್ಪಟೆಯಾಗಿ ರಟ್ಟಿನ ಪೆಟ್ಟಿಗೆ ಸೇರಿ ಸಮುದ್ರ ದಾಟಿತು. ಆದರೆ ಸುಲಭವಾಗಿ ಸಾಗುವ ವಸ್ತುವಿಗೆ ಅನುಕರಣವೂ ಸುಲಭ. 1940ರ ದಶಕದಲ್ಲಿ ಅವರು ರೂಪಿಸಿ, ಅಮೆರಿಕದ ನೋಲ್ ಸಂಸ್ಥೆಯು ಮಾರಿದ ಮೂರು ಕಾಲಿನ ಪುಟ್ಟ ದೀಪವನ್ನು ಹಲವರು ನಕಲು ಮಾಡಿದ್ದರು. ಅಕಾರಿಗೂ ಅದೇ ಗತಿ ಬಂದಿತು. ಆ ಬಾಲಕನ ಮನೆಯಲ್ಲಿದ್ದುದೂ ಅಂತಹ ನಕಲಿನ ನಕಲೇ ಇರಬೇಕು. ನೊಗುಚಿಯವರು ಹೊಸ ಹೊಸ ಆಕಾರಗಳನ್ನು ರಚಿಸುತ್ತ ಹೋಗಿ ಇದಕ್ಕೆ ಉತ್ತರವಿತ್ತರು. ಗೇಣುದ್ದದಿಂದ ಹಿಡಿದು ಒಂಬತ್ತಡಿ ಮೀರಿದವುಗಳವರೆಗೆ ನೂರಕ್ಕೂ ಹೆಚ್ಚು ಮಾದರಿಗಳಾದವು.

ಅಂಗಡಿಯಲ್ಲಿ ಬಿಕರಿಯಾಗುವ ದೀಪವು ಶಿಲ್ಪವಾದೀತೆ ಎಂಬ ಕೊಂಕು ಅವರನ್ನು ಕೊನೆಯವರೆಗೂ ಹಿಂಬಾಲಿಸಿತು. 1986ರ ವೆನಿಸ್ ಕಲಾಪ್ರದರ್ಶನದಲ್ಲಿ ಅಮೆರಿಕವನ್ನು ಪ್ರತಿನಿಧಿಸುವ ಗೌರವವು, ಎಂಬತ್ತು ದಾಟಿದ ಮೇಲೆ, ಅವರಿಗೆ ದೊರೆಯಿತು. ‘ಶಿಲ್ಪವೆಂದರೇನು?’ ಎಂಬುದನ್ನೇ ಪ್ರದರ್ಶನದ ಹೆಸರಾಗಿಸಿ, ಮಕ್ಕಳು ಏರಿ ಜಾರಬಹುದಾದ ಅಮೃತಶಿಲೆಯ ದೊಡ್ಡ ಜಾರುಬಂಡೆಯೊಡನೆ ಅವರು ಇರಿಸಿದುದು ಈ ಕಾಗದದ ದೀಪಗಳನ್ನು. ಬದುಕಿನುದ್ದಕ್ಕೂ ಕಡೆದ ಕಲ್ಲುಗಳನ್ನಷ್ಟೇ ಸಾಲಾಗಿ ನಿಲ್ಲಿಸಿದ್ದರೆ ಕೇಳುವವರಿರಲಿಲ್ಲ!

1988ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಗಿಫುವಿನ ಒಜೆಕಿ ಕಾರ್ಯಾಗಾರದಲ್ಲಿ ಇಂದಿಗೂ ಮರದಚ್ಚಿನ ಮೇಲೆ ಬಿದಿರನ್ನು ಕೈಯಲ್ಲಿಯೇ ಸುತ್ತುತ್ತಾರೆ. ವರ್ಷಗಳು ಕಳೆದು ಕಾಗದವು ಹಳದಿಗಟ್ಟಿದರೆ ಅಥವಾ ಹರಿದರೆ, ಮನೆಯವರು ತಂತಿಯ ಕಟ್ಟನ್ನು ಹಾಗೆಯೇ ಇಟ್ಟುಕೊಂಡು ಕಾಗದದ ಹೊದಿಕೆಯನ್ನು ಮಾತ್ರ ಹೊಸದಾಗಿ ತರಿಸಿಕೊಳ್ಳುತ್ತಾರೆ.