ಶರಾವತಿಯ ದೋಣಿ, ಬೆಳಗೊಳದ ದಾನ

ಹಾಸನ ಜಿಲ್ಲೆಗೆ ಕಡಲಿಲ್ಲ. ಆದರೂ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಕಡಲ ವ್ಯಾಪಾರದ ನಂಟುಂಟು. ಅಲ್ಲಿಯ 15 ಮತ್ತು 16ನೆಯ ಶತಮಾನಗಳ ಶಾಸನಗಳು ಗೇರುಸೊಪ್ಪೆಯ ಶ್ರಾವಕರ ದಾನಧರ್ಮಗಳನ್ನು ಹೇಳುತ್ತವೆ.

ಗೇರುಸೊಪ್ಪೆ ಶರಾವತಿಯ ದಡದ ಜೈನ ರಾಜಧಾನಿ. ಘಟ್ಟದ ಕಾಳುಮೆಣಸು ಇಲ್ಲಿ ದೋಣಿಯೇರಿ, ಹೊಳೆಯಗುಂಟ ಹೊನ್ನಾವರದ ಅಳಿವೆಗಿಳಿದು ಹಡಗು ಸೇರುತ್ತಿತ್ತು. ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ಯೆಂದರು. 1569ರಲ್ಲಿ ಹೊನ್ನಾವರ ಅವರ ವಶವಾಯಿತು; ಮುಂದೆ ಗೇರುಸೊಪ್ಪೆಯ ರಾಜ್ಯವೂ ಕೆಳದಿಗೆ ಸೇರಿತು. ಇಂದು ಕಾಡಿನ ನಡುವೆ ಚತುರ್ಮುಖ ಬಸದಿ ನಿಂತಿದೆ.

ದಾನಿಗಳ ಹೆಸರನ್ನು ಶಿಲೆ ಕಾಪಾಡಿತು. ಬಳ್ಳಿಯಿಂದ ಮೆಣಸು ಬಿಡಿಸಿದವರು, ಮೂಟೆ ಹೊತ್ತವರು, ಹುಟ್ಟು ಹಾಕಿದವರು ಯಾವ ಶಾಸನದಲ್ಲಿಯೂ ಇಲ್ಲ. ಆ ದಾನದ್ರವ್ಯದಲ್ಲಿ ಅವರ ಬೆವರೂ ಸೇರಿತ್ತೆಂಬುದನ್ನು ಪ್ರತಿಷ್ಠೆಯ ಈ ಶುಭಸಂದರ್ಭದಲ್ಲಿ ಸ್ಮರಿಸುವುದು ಉಚಿತ.