ಆಪ್ತಸಮಾಲೋಚನೆ ಮತ್ತು ಮನೋಚಿಕಿತ್ಸೆಯ ಆಯ್ಕೆ

ಆಪ್ತಸಮಾಲೋಚನೆ ಎಂದರೆ ತರಬೇತಿ ಪಡೆದ ವ್ಯಕ್ತಿಯೊಡನೆ ಗೋಪ್ಯವಾಗಿ ಮಾತನಾಡಿ, ಮಾನಸಿಕ ತೊಳಲಾಟಕ್ಕೆ ದಾರಿ ಕಂಡುಕೊಳ್ಳುವ ವಿಧಾನ. ಖಿನ್ನತೆ, ಆತಂಕ ಮೊದಲಾದ ಕಾಯಿಲೆಗಳಿಗೆ ಮಾತಿನ ಮೂಲಕವೇ ನೀಡುವ ಕ್ರಮಬದ್ಧ ಚಿಕಿತ್ಸೆಯನ್ನು ಮನೋಚಿಕಿತ್ಸೆ ಎನ್ನುತ್ತಾರೆ. ಇವೆರಡನ್ನೂ ಆರಂಭಿಸಲು ಸಮಸ್ಯೆ ಉಲ್ಬಣಿಸುವವರೆಗೆ ಕಾಯಬೇಕಾಗಿಲ್ಲ.

ನೆರವು ಪಡೆಯುವ ಸಂದರ್ಭ

ದುಃಖ, ಭಯ, ಕೋಪಗಳು ಸಹಜ ಭಾವನೆಗಳು. ಅವು ಎಷ್ಟು ದಿನದಿಂದ ಇವೆ, ಎಷ್ಟು ತೀವ್ರವಾಗಿವೆ, ದಿನನಿತ್ಯದ ಬದುಕಿಗೆ ಎಷ್ಟು ಅಡ್ಡಿಯಾಗಿವೆ ಎಂಬ ಮೂರು ಅಂಶಗಳು ನಿರ್ಧಾರಕ್ಕೆ ಆಧಾರವಾಗುತ್ತವೆ. ಎರಡು ವಾರಗಳಿಗೂ ಹೆಚ್ಚು ಕಾಲ ಬಹುತೇಕ ದಿನವಿಡೀ ಬೇಸರ ಅಥವಾ ನಿರಾಸಕ್ತಿ ಕಾಡುವುದು ಖಿನ್ನತೆಯ ಮುಖ್ಯ ಲಕ್ಷಣ. ನಿದ್ರೆ ಮತ್ತು ಹಸಿವಿನಲ್ಲಿ ಏರುಪೇರು, ಓದು ಅಥವಾ ಕೆಲಸದಲ್ಲಿ ಹಿನ್ನಡೆ, ಮದ್ಯದ ಅವಲಂಬನೆ ಇವೂ ಗಮನಾರ್ಹ. ಥೈರಾಯ್ಡ್ ಗ್ರಂಥಿಯ ಕೊರತೆಯಿಂದಲೂ ಇಂತಹ ಲಕ್ಷಣಗಳು ಕಾಣಿಸಿಕೊಳ್ಳಬಹುದಾದ್ದರಿಂದ ದೈಹಿಕ ತಪಾಸಣೆಯೂ ಉಪಯುಕ್ತ. ಆತ್ಮಹತ್ಯೆಯ ಆಲೋಚನೆ ಬಂದಲ್ಲಿ ತಡಮಾಡದೆ ನೆರವು ಪಡೆಯಬೇಕು.

ಯಾರನ್ನು ಕಾಣುವುದು

ಮನೋವೈದ್ಯರು ವೈದ್ಯಕೀಯ ಪದವೀಧರರು, ಔಷಧವನ್ನು ಸೂಚಿಸಬಲ್ಲರು. ಚಿಕಿತ್ಸಾ ಮನೋವಿಜ್ಞಾನಿಗಳು ಮಾನಸಿಕ ಪರೀಕ್ಷೆ ಮತ್ತು ಮನೋಚಿಕಿತ್ಸೆ ನಡೆಸುತ್ತಾರೆ. ಭಾರತದಲ್ಲಿ ಇವರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ದಾಂಪತ್ಯ, ವ್ಯಾಸಂಗ, ಉದ್ಯೋಗ, ಅಗಲಿಕೆಗಳಂತಹ ಸಮಸ್ಯೆಗಳಿಗೆ ಆಪ್ತಸಮಾಲೋಚಕರು ನೆರವಾಗುತ್ತಾರೆ. ಅವರ ವಿದ್ಯಾರ್ಹತೆ, ಅನುಭವ ಮತ್ತು ಶುಲ್ಕವನ್ನು ಮೊದಲೇ ವಿಚಾರಿಸುವುದು ಸೂಕ್ತ.

ಹಿಂಜರಿಕೆಯ ಕಾರಣಗಳು

'ಹುಚ್ಚು' ಎಂಬ ಹಣೆಪಟ್ಟಿಯ ಭಯ, ವಿಷಯ ಬಯಲಾಗಿ ಮದುವೆ ಅಥವಾ ಉದ್ಯೋಗಕ್ಕೆ ತೊಡಕಾದೀತೆಂಬ ಅಳುಕು ಮತ್ತು ಖರ್ಚು ಜನರನ್ನು ತಡೆಯುತ್ತವೆ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಿವಿಧ ಮಾನಸಿಕ ಕಾಯಿಲೆಗಳುಳ್ಳವರಲ್ಲಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕೆಂಬ ಹಕ್ಕನ್ನು ನೀಡಿದೆ. ಜೀವಕ್ಕೆ ಅಪಾಯ, ನ್ಯಾಯಾಲಯದ ಆದೇಶ ಮೊದಲಾದ ಕೆಲವು ಸಂದರ್ಭಗಳು ಇದಕ್ಕೆ ಅಪವಾದ.

ಮೊದಲ ಭೇಟಿ

ಮೊದಲ ಭೇಟಿಯಲ್ಲಿ ಸಮಸ್ಯೆಯ ಹಿನ್ನೆಲೆ, ಆರೋಗ್ಯ ಹಾಗೂ ಕೌಟುಂಬಿಕ ಪರಿಸ್ಥಿತಿಯನ್ನು ವಿಚಾರಿಸಿ, ಗುರಿಯನ್ನು ಗೊತ್ತುಪಡಿಸಲಾಗುತ್ತದೆ. ಎಲ್ಲವನ್ನೂ ಒಂದೇ ದಿನ ಹೇಳಿಕೊಳ್ಳಬೇಕೆಂದಿಲ್ಲ. ಫಲಿತಾಂಶವು ಚಿಕಿತ್ಸಕರ ಮೇಲಿನ ವಿಶ್ವಾಸವನ್ನೂ ಅವಲಂಬಿಸಿದೆ. ಕೆಲವು ಭೇಟಿಗಳ ನಂತರವೂ ಹೊಂದಾಣಿಕೆಯಾಗದಿದ್ದರೆ ಬೇರೊಬ್ಬರನ್ನು ಕಾಣಬಹುದು. ತೀವ್ರ ಖಿನ್ನತೆಯಲ್ಲಿ ಔಷಧ ಮತ್ತು ಮನೋಚಿಕಿತ್ಸೆಯನ್ನು ಜೊತೆಯಾಗಿ ನೀಡುವುದುಂಟು.

ಸೌಲಭ್ಯಗಳು

ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ 1980ರ ದಶಕದಲ್ಲಿ ನಡೆಸಿದ ಪ್ರಯೋಗವು, 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇದರಡಿ ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ಸೇವೆ ದೊರೆಯುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯ ಮೂಲಕ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ನೇರ ಭೇಟಿಗೆ ಹಿಂಜರಿಯುವವರಿಗೆ ಇದು ಮೊದಲ ಹೆಜ್ಜೆಯಾಗಬಲ್ಲದು.